ಹೆಸರು ಯಾರದು, ಪಾಸ್‌ವರ್ಡ್ ಯಾರ ಕೈಲಿ?

ಒಂದು ಎಕರೆ ಜಮೀನು ಕೊಳ್ಳುವವರು ಪಹಣಿ ನೋಡುತ್ತಾರೆ, ಇಸಿ ತೆಗೆಸುತ್ತಾರೆ, ಹದ್ದುಬಸ್ತು ಮಾಡಿಸುತ್ತಾರೆ. ಅದೇ ಜನ ಚಟ್ನಿಪುಡಿ ಬ್ರ್ಯಾಂಡನ್ನೋ ಯೂಟ್ಯೂಬ್ ಚಾನೆಲನ್ನೋ ಮೊಬೈಲ್ ಆ್ಯಪನ್ನೋ ಕಟ್ಟುವಾಗ ಕಾಗದದ ಮಾತೇ ಎತ್ತುವುದಿಲ್ಲ. ಲೋಗೊ ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟಿರುತ್ತಾನೆ. ಡೊಮೇನ್ ವೆಬ್‌ಸೈಟ್ ಕಟ್ಟಿದವನ ಖಾತೆಯಲ್ಲಿರುತ್ತದೆ. ಚಾನೆಲ್ ಕೆಲಸ ಬಿಟ್ಟುಹೋದ ಎಡಿಟರ್‌ನ ಜಿಮೇಲ್‌ಗೆ ಅಂಟಿಕೊಂಡಿರುತ್ತದೆ. ಟ್ರೇಡ್‌ಮಾರ್ಕ್ ಅರ್ಜಿ ಮೂವರು ಪಾಲುದಾರರಲ್ಲಿ ಒಬ್ಬರ ಸ್ವಂತ ಹೆಸರಿನಲ್ಲಿ ಹೋಗಿರುತ್ತದೆ. ವ್ಯಾಪಾರ ಚಿಕ್ಕದಿರುವಷ್ಟು ದಿನ ಇದೆಲ್ಲ ಯಾರಿಗೂ ಅಡ್ಡ ಬರುವುದಿಲ್ಲ. ಹೂಡಿಕೆ ಮಾಡುವವರು ಬಂದ ದಿನ, ಇಲ್ಲವೇ ಪಾಲುದಾರರು ಮುನಿಸಿಕೊಂಡ ದಿನ ಒಟ್ಟಿಗೇ ಎದ್ದು ನಿಲ್ಲುತ್ತದೆ.

ಬೌದ್ಧಿಕ ಆಸ್ತಿ ಎಂದ ಕೂಡಲೇ ಹೊರಗಿನ ಕಳ್ಳರ ಚಿಂತೆ ಶುರುವಾಗುತ್ತದೆ. ಆದರೆ ಸಣ್ಣ ಉದ್ದಿಮೆಗಳು ಹೆಚ್ಚಾಗಿ ಏಟು ತಿನ್ನುವುದು ಒಳಗಿನ ಈ ಕಾಗದವಿಲ್ಲದ ವ್ಯವಹಾರದಿಂದಲೇ. ಹಾಗಾಗಿ ಮೊದಲ ಕೆಲಸ ನೋಂದಣಿಯಲ್ಲ, ಪಟ್ಟಿ. ಒಂದು ಎಕ್ಸೆಲ್ ಹಾಳೆ ಸಾಕು. ಹೆಸರು, ಲೋಗೊ, ಲೇಬಲ್ ಚಿತ್ರ, ಫೋಟೊ, ವಿಡಿಯೊ, ಸಾಫ್ಟ್‌ವೇರ್ ಕೋಡ್, ಡೊಮೇನ್, ಚಾನೆಲ್, ಇನ್‌ಸ್ಟಾಗ್ರಾಂ ಖಾತೆ, ಪಾಕದ ಗುಟ್ಟು ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಮಾಡಿದವರು ಯಾರು, ಅವರು ನೌಕರರೋ ಹೊರಗಿನವರೋ, ಸಹಿಯಾದ ಕಾಗದ ಇದೆಯೋ, ಈಗ ದಾಖಲೆ ಯಾರ ಹೆಸರಲ್ಲಿದೆ, ಲಾಗಿನ್ ಯಾರ ಕೈಲಿದೆ, ಮುಂದಿನ ಗಡುವು ಯಾವಾಗ ಎಂದು ತುಂಬಿಸಿ. ಖಾಲಿ ಉಳಿದ ಮನೆಗಳೇ ನಿಮ್ಮ ಕೆಲಸದ ಪಟ್ಟಿ.

ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ

ಇಲ್ಲಿ ಎಡವುವವರು ಬಹಳ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ವರ್ಣಚಿತ್ರ, ಮಾಡಿಸಿದ ಸಿನಿಮಾ ಇವುಗಳಿಗೂ ವಿನಾಯಿತಿ ಇದೆ, ಮಾಡಿಸಿದವರೇ ಒಡೆಯರು. ಆದರೆ ಫ್ರೀಲ್ಯಾನ್ಸರ್ ಬರೆದ ಕೋಡ್, ಜಾಹೀರಾತಿನ ಬರಹ, ಜಿಂಗಲ್‌ನ ಸಾಹಿತ್ಯ ಈ ವಿನಾಯಿತಿಯೊಳಗೆ ಬರುವುದಿಲ್ಲ. ನೀವು 40,000 ರೂಪಾಯಿ ಕೊಟ್ಟು ರಸೀದಿ ಇಟ್ಟುಕೊಂಡಿದ್ದರೂ ಹಕ್ಕು ಬರೆದವನದೇ, ನಿಮಗಿರುವುದು ಬಳಸುವ ಅನುಮತಿ ಅಷ್ಟೆ. ಲೋಗೊ ವಿಷಯದಲ್ಲಿ ವಾದಕ್ಕೆ ಜಾಗವಿದೆ, ಆದ್ದರಿಂದ ಅದಕ್ಕೂ ಕಾಗದ ಬೇಕು.

ಆ ಕಾಗದದ ಹೆಸರು ಹಕ್ಕು ವರ್ಗಾವಣೆ ಪತ್ರ, ಅಸೈನ್‌ಮೆಂಟ್. 19ನೇ ಸೆಕ್ಷನ್ ಪ್ರಕಾರ ಇದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ವಾಟ್ಸಾಪ್‌ನಲ್ಲಿ ‘ಆಯ್ತು ಸಾರ್, ನಿಮ್ದೇ’ ಎಂಬ ಸಂದೇಶವನ್ನು ನಂಬಿ ಕೂರಬೇಡಿ. ಪತ್ರದಲ್ಲಿ ಕೆಲವು ಮಾತು ಬಿಟ್ಟುಹೋದರೆ ಕಾಯ್ದೆ ತಾನೇ ಜಾಗ ತುಂಬುತ್ತದೆ, ಅದೂ ಕೊಂಡವರಿಗೆ ನಷ್ಟವಾಗುವಂತೆ. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರಿಗೆ ಆ್ಯಪ್ ಮಾರುವವರಿಗೆ ಇದು ದೊಡ್ಡ ತೂತು. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿರದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ, ಇದು 19(4)ನೇ ಉಪಸೆಕ್ಷನ್. ಹಾಗಾಗಿ ‘ಹಕ್ಕುಸ್ವಾಮ್ಯದ ಪೂರ್ಣಾವಧಿಗೆ’, ‘ಜಗತ್ತಿನಾದ್ಯಂತ’, ‘19(4) ಅನ್ವಯಿಸುವುದಿಲ್ಲ’ ಎಂಬ ಮೂರೂ ಪತ್ರದಲ್ಲಿರಲಿ. ಕೊಟ್ಟ ಮೊತ್ತ, ಕೃತಿಯ ವಿವರ, ಮೂಲ ಫೈಲುಗಳನ್ನು ಒಪ್ಪಿಸಿದ ದಿನಾಂಕವೂ ಬರಲಿ. ಜೆಪೆಗ್ ಒಂದನ್ನು ಕೊಟ್ಟು ಕೈತೊಳೆದುಕೊಳ್ಳುವ ಡಿಸೈನರ್‌ಗಳಿದ್ದಾರೆ, ತಿದ್ದಲು ಬರುವ ವೆಕ್ಟರ್ ಫೈಲ್ ಕೇಳಿ ಪಡೆಯಿರಿ. ಇಷ್ಟೆಲ್ಲ ಆದರೂ 57ನೇ ಸೆಕ್ಷನ್‌ನ ನೈತಿಕ ಹಕ್ಕು ರಚನಕಾರರ ಬಳಿಯೇ ಉಳಿಯುತ್ತದೆ. ತನ್ನ ಹೆಸರು ಹೇಳಿಕೊಳ್ಳುವುದು, ಮಾನಕ್ಕೆ ಕುಂದು ತರುವಂಥ ವಿರೂಪವನ್ನು ತಡೆಯುವುದು ಅವರಿಗೆ ಬಿಟ್ಟದ್ದು.

ಸಹಿ ಹಾಕಿಸುವ ಹೊತ್ತು ಯಾವುದು? ಕೊನೆಯ ಕಂತು ಕೊಡುವ ಮುಂಚೆ. ಹಣ ಪೂರ್ತಿ ಸಂದಾಯವಾಗಿ ಎರಡು ವರ್ಷ ಕಳೆದ ಮೇಲೆ ಕೇಳಿದರೆ ಎದುರಿನವರಿಗೆ ತಮ್ಮ ಸಹಿಯ ಬೆಲೆ ಅಂದಾಜಾಗಿರುತ್ತದೆ.

ಕೋಡ್ ಬರೆಸುವವರಿಗೆ ಇನ್ನೆರಡು ಮಾತು. ಹೊರಗಿನವರು ಬರೆದ ಕೋಡಿನೊಳಗೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ತುಣುಕು ಸೇರಿದ್ದರೆ, ತಂತ್ರಾಂಶವನ್ನು ಹಂಚುವಾಗ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕಾದೀತು. ಎಂಐಟಿ ಎಂಬ ಸಡಿಲ ಪರವಾನಗಿಯದಾದರೆ ಮೂಲ ಸೂಚನೆಯನ್ನು ಉಳಿಸಿಕೊಂಡರೆ ಸಾಕು. ಬಳಸಿದ ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡುಗಳ ಪಟ್ಟಿಯನ್ನು ಕೋಡಿನ ಜೊತೆಗೇ ಕೇಳಿ. ಎರಡನೆಯದು, ಆಂಡ್ರಾಯ್ಡ್ ಆ್ಯಪ್‌ನ ಸೈನಿಂಗ್ ಕೀ, ಅಂದರೆ ಅಪ್‌ಡೇಟ್ ನಿಮ್ಮದೇ ಎಂದು ಸಾಬೀತು ಮಾಡುವ ಡಿಜಿಟಲ್ ಸಹಿಯ ಫೈಲು. ಅದು ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಷ್ಟೇ ಇದ್ದು, ಪ್ಲೇ ಸ್ಟೋರ್‌ನ ಕೀ ನಿರ್ವಹಣೆಗೂ ಸೇರಿಸಿರದಿದ್ದರೆ, ಲ್ಯಾಪ್‌ಟಾಪ್ ಹೋದ ದಿನ ಆ್ಯಪ್‌ಗೆ ಅಪ್‌ಡೇಟ್ ಕೊಡುವ ದಾರಿಯೂ ಮುಚ್ಚುತ್ತದೆ. ಬಳಕೆದಾರರನ್ನೆಲ್ಲ ಹೊಸ ಆ್ಯಪ್‌ಗೆ ಕರೆತರಬೇಕು.

ಹೆಸರು ಆರಿಸುವುದೇ ಅರ್ಧ ಕೆಲಸ

ನಮ್ಮಲ್ಲಿ ಅಂಗಡಿಗೆ ದೇವರ ಹೆಸರು, ಊರಿನ ಹೆಸರು, ಇಲ್ಲದಿದ್ದರೆ ‘ರುಚಿ’, ‘ಶುದ್ಧ’, ‘ಮನೆ’. ಭಾವಕ್ಕೆ ಸರಿ, ಕಾನೂನಿನಲ್ಲಿ ಬಲ ಕಡಿಮೆ. ಇದಕ್ಕೆ ನಮ್ಮದೇ ರಾಜ್ಯದ ಉದಾಹರಣೆ ಉಂಟು. ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ‘ನಂಧಿನಿ ಡಿಲಕ್ಸ್’ ಹೋಟೆಲು 1989ರಿಂದ ಆ ಹೆಸರು ಬಳಸುತ್ತಿದೆ. ಹೋಟೆಲಿನ ಹೆಸರಿನ ನೋಂದಣಿಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜುಲೈನಲ್ಲಿ ತೀರ್ಪು ಹೋಟೆಲಿನ ಕಡೆಗಾಯಿತು. ನಂದಿನಿ ದೇವತೆಯ, ಕಾಮಧೇನುವಿನ ಹೆಸರು, ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ; ಎರಡರ ಸರಕೂ ರೂಪವೂ ಬೇರೆ; ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಹೋಟೆಲು ಆ ಹೆಸರು ಬಳಸದಿದ್ದರೆ ಸಾಕು ಎಂದಿತು ನ್ಯಾಯಾಲಯ. ಮನೆಮನೆಗೂ ಗೊತ್ತಿರುವ ಬ್ರ್ಯಾಂಡಿಗೇ ಈ ಪಾಡಾದರೆ, ‘ಶ್ರೀ ಗಣೇಶ ಮಸಾಲೆ’ ಎಂದು ಇಟ್ಟುಕೊಂಡವರು ಯಾರನ್ನು ತಡೆದಾರು? ಹುಟ್ಟಿಸಿದ ಪದ, ಇಲ್ಲವೇ ಸರಕಿಗೆ ಸಂಬಂಧವೇ ಇಲ್ಲದ ಪದ ಶುರುವಿನಲ್ಲಿ ಜನರ ಬಾಯಿಗೆ ಬರಲು ತಡವಾಗುತ್ತದೆ, ಆಮೇಲೆ ಕಾಯಲು ಸುಲಭ.

ಹೆಸರು ಗಟ್ಟಿ ಮಾಡುವ ಮುಂಚೆ ಸರ್ಕಾರದ ಐಪಿ ಇಂಡಿಯಾ ಜಾಲತಾಣದ ಸಾರ್ವಜನಿಕ ಹುಡುಕಾಟದಲ್ಲಿ ನೋಡಿ, ಉಚಿತ. ಬರೆದ ಹಾಗೆಯೇ ಹುಡುಕಿ ಸುಮ್ಮನಾಗಬೇಡಿ. ಉಚ್ಚಾರಣೆ ಹೋಲುವಂಥವನ್ನು ತೋರಿಸುವ ಆಯ್ಕೆಯೂ ಇದೆ, ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆಯಬಹುದಾದ್ದರಿಂದ ನಾಲ್ಕನ್ನೂ ಹಾಕಿ ನೋಡಿ. ಆಮೇಲೆ ವರ್ಗ. ಸರಕು ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ಮಸಾಲೆ, ಚಟ್ನಿ 30ರಲ್ಲಿ, ಉಪ್ಪಿನಕಾಯಿ 29ರಲ್ಲಿ, ಹೋಟೆಲು 43ರಲ್ಲಿ, ಅಗರಬತ್ತಿ 3ರಲ್ಲಿ, ಬಟ್ಟೆ 25ರಲ್ಲಿ, ಆಟಿಕೆ 28ರಲ್ಲಿ, ಡೌನ್‌ಲೋಡ್ ಮಾಡುವ ಆ್ಯಪ್ 9ರಲ್ಲಿ, ಆನ್‌ಲೈನ್ ಅಂಗಡಿ 35ರಲ್ಲಿ, ಪಾಠ ಮತ್ತು ಮನರಂಜನೆಯ ಚಾನೆಲ್ 41ರಲ್ಲಿ. ಚಟ್ನಿಪುಡಿಗೆ 30 ಮಾಡಿಸಿ ಉಪ್ಪಿನಕಾಯಿಯನ್ನೂ ಮಾರುವವರು 29 ಮರೆಯುತ್ತಾರೆ, ಇದು ದಿನನಿತ್ಯದ ತಪ್ಪು. ಹಾಗೆಂದು ಹತ್ತು ವರ್ಗಕ್ಕೆ ಅರ್ಜಿ ಹಾಕಿ ಗುಡ್ಡೆ ಹಾಕಿಕೊಳ್ಳುವುದೂ ವ್ಯರ್ಥ. 5 ವರ್ಷ ಬಳಸದ ಗುರುತನ್ನು ತೆಗೆಸಿಹಾಕಲು ಬೇರೆಯವರು ಅರ್ಜಿ ಹಾಕಬಹುದು.

ಶುಲ್ಕ ಒಂದು ವರ್ಗಕ್ಕೆ, ಆನ್‌ಲೈನ್ ಅರ್ಜಿಗೆ, ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆಗೆ 4,500 ರೂಪಾಯಿ, ಉಳಿದವರಿಗೆ 9,000. ಕಂಪನಿ ಅಥವಾ ಪಾಲುದಾರಿಕೆ ಹೆಸರಲ್ಲಿ ಹಾಕುವವರು ರಿಯಾಯಿತಿಗೆ ಉದ್ಯಮ್ ಪ್ರಮಾಣಪತ್ರ, ಅಂದರೆ ಸಣ್ಣ ಉದ್ದಿಮೆ ಎಂಬ ಸರ್ಕಾರಿ ನೋಂದಣಿ ಪತ್ರ, ಲಗತ್ತಿಸಬೇಕು. ಅದು ಪುಕ್ಕಟೆ ಸಿಗುತ್ತದೆ. ಅದಿಲ್ಲದೆ ಅರ್ಧ ಶುಲ್ಕ ಕಟ್ಟಿದರೆ ಆಕ್ಷೇಪ ಬರುತ್ತದೆ. ರಿಯಾಯಿತಿಯ ಆಸೆಗೆ ಅರ್ಜಿಯನ್ನು ಒಬ್ಬ ಪಾಲುದಾರರ ಸ್ವಂತ ಹೆಸರಲ್ಲಿ ಹಾಕುವ ಜಾಣತನವೇ ಮೇಲೆ ಹೇಳಿದ ಜಗಳದ ಬೀಜ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಗುರುತಿನಲ್ಲಿ ಕನ್ನಡ ಅಕ್ಷರಗಳಿದ್ದರೆ ಅದರ ಲಿಪ್ಯಂತರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು.

ಪದಕ್ಕೆ ಮಾಡಿಸಬೇಕೋ ಲೋಗೊಗೋ? ಒಂದಕ್ಕೇ ದುಡ್ಡಿದ್ದರೆ ಪದಕ್ಕೆ. ಲೋಗೊ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪದ ಯಾವ ಅಕ್ಷರಶೈಲಿಯಲ್ಲಿ ಬರೆದರೂ ನಿಮ್ಮದೇ. ಪದ ತೀರಾ ಸಾಮಾನ್ಯವಾಗಿದ್ದು ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡಿ ತಿರಸ್ಕಾರವಾಗುವ ಸಂಭವ ಹೆಚ್ಚಿದ್ದರೆ ಮಾತ್ರ ಲೋಗೊದ ಮೊರೆ ಹೋಗಿ.

ಅರ್ಜಿಯಲ್ಲಿ ‘ಎಂದಿನಿಂದ ಬಳಕೆ’ ಎಂಬ ಕಾಲಂ ಒಂದಿದೆ. ಹಳೆಯ ದಿನಾಂಕ ಹಾಕಿದಷ್ಟೂ ಲಾಭ ಎಂದು ಬಾಯಿಗೆ ಬಂದದ್ದು ಬರೆಯಬಾರದು. ಅಫಿಡವಿಟ್‌ನ ಜೊತೆಗೆ ಆ ಕಾಲದ ಬಿಲ್ಲು, ಲೇಬಲ್, ಜಾಹೀರಾತು ಕೊಡಬೇಕು. ಇಲ್ಲದಿದ್ದರೆ ಮುಂದೆ ವಿರೋಧಿಗಳು ಮೊದಲು ಹಿಡಿಯುವುದು ಅದನ್ನೇ. ಬಳಕೆಯೇ ಶುರುವಾಗಿಲ್ಲದಿದ್ದರೆ ‘ಬಳಸಲು ಉದ್ದೇಶಿಸಿದೆ’ ಎಂದು ಹಾಕಿ. ಪರಿಶೀಲನಾ ವರದಿ ಬಂದರೆ ಉತ್ತರಕ್ಕೆ 30 ದಿನ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಬೇರೆಯವರ ವಿರೋಧಕ್ಕೆ. ಅಲ್ಲಿಯವರೆಗೆ ಹೆಸರಿನ ಪಕ್ಕ ‘ಟಿಎಂ’ ಹಾಕಬಹುದು, ವೃತ್ತದೊಳಗಿನ ‘ಆರ್’ ಹಾಕುವ ಹಾಗಿಲ್ಲ. ನೋಂದಣಿಯಾಗದೆ ಅದನ್ನು ಹಾಕುವುದು ಕಾಯ್ದೆಯ ಉಲ್ಲಂಘನೆ. ಅಮೆಜಾನ್‌ನ ಬ್ರ್ಯಾಂಡ್ ನೋಂದಣಿಗೆ ಮಾತ್ರ ಬಾಕಿಯಿರುವ ಅರ್ಜಿಯೂ ನಡೆಯುತ್ತದೆ, ಪೊಟ್ಟಣದ ಮೇಲಿನ ಹೆಸರು ಅರ್ಜಿಯ ಹೆಸರಿಗೆ ಅಕ್ಷರಶಃ ಹೊಂದಬೇಕು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಾರಿಗೆ ಸಂಸ್ಥೆಗಳ ಕಥೆ ಸಾಕು. ‘ಕೆಎಸ್‌ಆರ್‌ಟಿಸಿ’ ಹೆಸರನ್ನು ತಾನು 1965ರಿಂದಲೇ ಬಳಸುತ್ತಿದ್ದೇನೆ ಎಂಬುದು ಕೇರಳದ ವಾದ. ಕರ್ನಾಟಕದ್ದು 1973ರಿಂದ. ಆದರೆ 2013ರಲ್ಲಿ ನೋಂದಣಿ ಕೈಯಲ್ಲಿ ಹಿಡಿದಿದ್ದು ಕರ್ನಾಟಕ, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು.

ಡೊಮೇನ್, ಚಾನೆಲ್, ಹಾಡು

ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2004ರಲ್ಲಿ, ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾದ ‘ಸಿಫಿ’ ಮೊಕದ್ದಮೆಯಲ್ಲಿ. ಡಾಟ್ ಇನ್ ಹೆಸರುಗಳಿಗೆ ಅವನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆ ವ್ಯವಸ್ಥೆ ಇದೆ, ಡಾಟ್ ಕಾಮ್‌ಗೆ ಜಾಗತಿಕ ಡೊಮೇನ್ ಸಂಸ್ಥೆ ಐಕ್ಯಾನ್‌ನದು. ಆದರೆ ಹೆಚ್ಚಿನ ಡೊಮೇನ್‌ಗಳು ಹೋಗುವುದು ಕದ್ದವರಿಂದಲ್ಲ, ನವೀಕರಣ ತಪ್ಪಿ. ಕಾರ್ಡ್ ಅವಧಿ ಮುಗಿದು ಸ್ವಯಂ ನವೀಕರಣ ಕೆಡುತ್ತದೆ. ಎಚ್ಚರಿಕೆಯ ಮೇಲ್ ಬರುವುದು ಅದೇ ಡೊಮೇನ್‌ನ ಇಮೇಲ್‌ಗೆ, ಡೊಮೇನ್ ನಿಂತಾಗ ಆ ಇಮೇಲೂ ನಿಂತಿರುತ್ತದೆ! ನೋಂದಣಿಗೆ ಬೇರೆಯದೇ ಇಮೇಲ್ ಕೊಡಿ, 5 ವರ್ಷಕ್ಕೆ ಒಮ್ಮೆಲೇ ಕಟ್ಟಿ. ಡಾಟ್ ಕಾಮ್ ಅವಧಿ ಮೀರಿದ ಮೇಲೆ 45 ದಿನದವರೆಗೆ ಸಾದಾ ನವೀಕರಣದ ಅವಕಾಶ ಇರಬಹುದು, ಆದರೆ ಅದು ಡೊಮೇನ್ ಮಾರಿದ ಕಂಪನಿಯ (ರಿಜಿಸ್ಟ್ರಾರ್) ಮರ್ಜಿ. ನಂತರದ 30 ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಕನ್ನಡ ಲಿಪಿಯಲ್ಲಿ ‘.ಭಾರತ’ ವಿಳಾಸವೂ ಸಿಗುತ್ತದೆ. ಬಳಸದಿದ್ದರೂ ಮುಖ್ಯ ಹೆಸರಿನದೊಂದನ್ನು ತೆಗೆದಿಡುವುದು ಅಗ್ಗದ ವಿಮೆ.

ಯೂಟ್ಯೂಬ್‌ನಲ್ಲಿ ಪಾಸ್‌ವರ್ಡ್ ಹಂಚಬೇಡಿ. ಸ್ಟುಡಿಯೊದ ಅನುಮತಿ ವಿಭಾಗದಲ್ಲಿ ಎಡಿಟರ್‌ಗೆ ಎಡಿಟರ್‌ನಷ್ಟೇ ಅಧಿಕಾರ ಕೊಡಬಹುದು, ಬಿಟ್ಟುಹೋದ ದಿನ ತೆಗೆದುಬಿಡಬಹುದು.

ಹಾಡಿನ ವಿಷಯದಲ್ಲಿ ಗೊಂದಲ ಹೆಚ್ಚು. ‘ಪುರಂದರದಾಸರ ಕೀರ್ತನೆಗೆ ಯಾರಪ್ಪನ ಹಕ್ಕು?’ ಎಂದು ಕೇಳುವವರು ಅರ್ಧ ಸರಿ. ಕೀರ್ತನೆಯ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯ ಇಲ್ಲ. ಆದರೆ ಈಚೆಗೆ ಯಾರೋ ಹಾಕಿದ ಹೊಸ ರಾಗಸಂಯೋಜನೆಗೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಇನ್ನೊಂದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಬರಹಗಾರರದಾದರೆ ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳು 2041ರ ಡಿಸೆಂಬರ್ 31ರವರೆಗೆ ಹಕ್ಕಿನೊಳಗೆ. ಭಾವಗೀತೆ ಹಾಡಿ ಹಾಕುವ ಚಾನೆಲ್‌ಗಳು ಕವಿ, ಸಂಯೋಜಕ, ಧ್ವನಿಮುದ್ರಣದ ಕಂಪನಿ ಮೂವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೀವೇ ಹಾಡಿದ ದೇವರನಾಮಕ್ಕೆ ಕಂಟೆಂಟ್ ಐಡಿ ಕ್ಲೇಮ್, ಅಂದರೆ ಹಾಡು ತಮ್ಮದೆಂದು ಯೂಟ್ಯೂಬ್‌ನ ಹೋಲಿಕೆ ಯಂತ್ರದ ಮೂಲಕ ಬೇರೆಯವರ ಹಕ್ಕೊತ್ತಾಯ, ಬಂತೆನ್ನಿ. ಇದು ಸ್ಟ್ರೈಕ್ ಅಲ್ಲ, ಗಾಬರಿ ಬೇಡ. ಯಂತ್ರ ಸ್ವರದ ಜಾಡು ಹಿಡಿದು ಹೋಲಿಸುತ್ತದೆ, ಸಾಂಪ್ರದಾಯಿಕ ಧಾಟಿಗಳಲ್ಲಿ ತಪ್ಪು ಮಾಡುವುದು ಸಾಮಾನ್ಯ. ಕ್ಲೇಮ್ ಬಂದ 5 ದಿನದೊಳಗೆ ಡಿಸ್‌ಪ್ಯೂಟ್ (ತಕರಾರು) ಹಾಕಿದರೆ ಮೊದಲ ದಿನದಿಂದಲೇ ಆದಾಯ ಬೇರೆಯಾಗಿ ಇಡಲ್ಪಡುತ್ತದೆ, ತಡಮಾಡಿದರೆ ಡಿಸ್‌ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ. ಹಕ್ಕುಸ್ವಾಮ್ಯದ ದೂರಿನ ಮೇಲೆ ವಿಡಿಯೊ ತೆಗೆದು ಕೊಡುವ ಸ್ಟ್ರೈಕ್ ಬೇರೆ ಜಾತಿ: 90 ದಿನದಲ್ಲಿ ಮೂರಾದರೆ ಚಾನೆಲ್ಲೇ ಹೋಗಬಹುದು. ಪ್ರತಿ-ನೋಟಿಸ್ ಕೊಟ್ಟರೆ ಎದುರಿನವರು 10 ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋದ ಪುರಾವೆ ತೋರಿಸಬೇಕು. ಆದರೆ ಅದರಲ್ಲಿ ನಿಮ್ಮ ನಿಜವಾದ ಹೆಸರು ವಿಳಾಸ ಅವರ ಕೈಗೆ ಹೋಗುತ್ತದೆ, ತಿಳಿದೇ ಕೊಡಿ.

ಕದ್ದವರನ್ನು ಹಿಡಿಯುವಾಗ

ಮೊದಲು ಪುರಾವೆ, ಆಮೇಲೆ ಬೈಗುಳ. ಕಮೆಂಟಿನಲ್ಲಿ ಜಗಳ ತೆಗೆದ ಅರ್ಧ ಗಂಟೆಯಲ್ಲಿ ಆ ಪುಟ ಮಾಯವಾಗಿರುತ್ತದೆ. ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿ, ಪುಟವನ್ನು ಪಿಡಿಎಫ್ ಆಗಿ ಉಳಿಸಿ. ನಕಲಿ ಸರಕಾಗಿದ್ದರೆ ಒಂದನ್ನು ಆರ್ಡರ್ ಮಾಡಿ ತರಿಸಿ, ಬಿಲ್ಲಿನಲ್ಲಿ ಮಾರಿದವರ ಹೆಸರು, ಜಿಎಸ್‌ಟಿ ಸಂಖ್ಯೆ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು, ಒಂದು ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ನಮೂದಿಸಬೇಕು. ಹಾಗಾಗಿ ಫೈಲ್ ಉಳಿಸಿದ ದಿನವೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಬರೆದಿಡಿ. ಆಮೇಲೆ ಫೈಲನ್ನು ತೆರೆದು ಮತ್ತೆ ಸೇವ್ ಮಾಡಿದರೂ, ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೂ ಹ್ಯಾಶ್ ಬದಲಾಗಿಬಿಡುತ್ತದೆ.

ವೇದಿಕೆಗೆ ದೂರು ಕೊಡುವಾಗ ಮೂಲ ಕೃತಿ ಯಾವುದು, ಹಕ್ಕು ನಿಮಗೆ ಹೇಗೆ ಬಂತು, ನಕಲು ಯಾವ ಕೊಂಡಿಯಲ್ಲಿದೆ ಎಂಬುದನ್ನು ಒಂದೊಂದಾಗಿ ಬರೆಯಿರಿ. ಹಕ್ಕುಸ್ವಾಮ್ಯ ಕಾಯ್ದೆಯ 52(1)(ಸಿ) ಮತ್ತು 2013ರ ನಿಯಮಗಳ ಅಡಿ ಅದನ್ನು ಸಂಗ್ರಹಿಸಿಟ್ಟಿರುವ ಮಧ್ಯವರ್ತಿ 36 ಗಂಟೆಯಲ್ಲಿ ತಡೆಹಿಡಿಯಬೇಕು. ಆದರೆ 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ದೂರು ಕೊಟ್ಟು ಮರೆಯುವವರು ಇಲ್ಲೇ ಸೋಲುತ್ತಾರೆ. ಹಾಗೆಯೇ ಆಧಾರವಿಲ್ಲದ ಬೆದರಿಕೆ ನೋಟಿಸ್‌ಗೂ ಬೆಲೆ ತೆರಬೇಕಾದೀತು: ಹಕ್ಕುಸ್ವಾಮ್ಯದಲ್ಲಿ 60, ಟ್ರೇಡ್‌ಮಾರ್ಕ್‌ನಲ್ಲಿ 142ನೇ ಸೆಕ್ಷನ್ ಅಡಿ ಎದುರಿನವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಜಗಳದಲ್ಲಿ ಮಾತ್ರ ಒಳ್ಳೆಯ ಪುರಾವೆ. ಸಾಹಿತ್ಯ ಕೃತಿಗೂ ಸಾಫ್ಟ್‌ವೇರಿಗೂ ಶುಲ್ಕ 500 ರೂಪಾಯಿ. ಕೋಡಿನದಾದರೆ ಮೊದಲ 10, ಕೊನೆಯ 10 ಪುಟ ಕೊಡಬೇಕು, ಸಾಲುಗಳನ್ನು ಮುಚ್ಚುವ ಹಾಗಿಲ್ಲ. ಗುಟ್ಟಿನ ಭಾಗ ಆ ಪುಟಗಳಲ್ಲಿ ಬರದಂತೆ ಫೈಲುಗಳ ಕ್ರಮವನ್ನು ಮೊದಲೇ ಯೋಚಿಸಿ. ಪೊಟ್ಟಣದ ಮೇಲೆ ಬರುವ ಲೇಬಲ್ ಚಿತ್ರಕ್ಕೆ 2,000, ಜೊತೆಗೆ ಟ್ರೇಡ್‌ಮಾರ್ಕ್ ಕಚೇರಿಯ ಹುಡುಕಾಟ ಪ್ರಮಾಣಪತ್ರ.

ಪೇಟೆಂಟ್ ಮತ್ತು ವಿನ್ಯಾಸದ ಬಗ್ಗೆ ಒಂದೇ ಮಾತು: ತೋರಿಸುವ ಮುಂಚೆ ಅರ್ಜಿ. ರೀಲ್‌ನಲ್ಲಿ ಹಾಕಿದ ದಿನವೇ ಹೊಸತನ ಹೋಯಿತು. ಚನ್ನಪಟ್ಟಣದ ಕುಶಲಕರ್ಮಿ ಹೊಸ ಆಕಾರದ ಆಟಿಕೆ ಮಾಡಿ, ವಿನ್ಯಾಸ ನೋಂದಣಿ ಮಾಡಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ತಯಾರಿಸಿದರೆ, ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಇದ್ದ ಹಕ್ಕೂ ಇಲ್ಲವಾಗುತ್ತದೆ. ಬರೀ ಸಾಫ್ಟ್‌ವೇರಿಗೆ, ಅಲ್ಗಾರಿದಮ್‌ಗೆ ಇಲ್ಲಿ ಪೇಟೆಂಟ್ ಇಲ್ಲ, ಪೇಟೆಂಟ್ ಕಾಯ್ದೆಯ 3(ಕೆ) ತಡೆಯುತ್ತದೆ.

ಊರಿನ ಹೆಸರಿನಿಂದ ಪ್ರಸಿದ್ಧವಾದ ಸರಕಿಗೆ ಸಿಗುವ ಜಿಐ (ಭೌಗೋಳಿಕ ಗುರುತು) ಟ್ಯಾಗ್‌ನ ಲೆಕ್ಕ ಬೇರೆ. ಧಾರವಾಡ ಪೇಡಾ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ ಇವು ಯಾವ ಒಬ್ಬ ವ್ಯಾಪಾರಿಯ ಸೊತ್ತೂ ಅಲ್ಲ. ಉತ್ಪಾದಕರು ಅಧಿಕೃತ ಬಳಕೆದಾರರಾಗಿ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು, ಅದರ ಮೇಲೆ ತಮ್ಮದೇ ಬ್ರ್ಯಾಂಡ್ ಹೆಸರನ್ನು ಬೇರೆಯಾಗಿ ಟ್ರೇಡ್‌ಮಾರ್ಕ್ ಮಾಡಿಸಬೇಕು. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ನೋಂದಣಿಯಾದ ಟ್ರೇಡ್‌ಮಾರ್ಕ್‌ನ ಆಯಸ್ಸು 10 ವರ್ಷ. ನವೀಕರಣಕ್ಕೆ ವರ್ಗಕ್ಕೆ 9,000 ರೂಪಾಯಿ, ಇಲ್ಲಿ ಸಣ್ಣವರಿಗೂ ರಿಯಾಯಿತಿ ಇಲ್ಲ. ಮುಗಿಯುವ ಒಂದು ವರ್ಷ ಮುಂಚಿನಿಂದ ಕಟ್ಟಬಹುದು, ಮುಗಿದ ಮೇಲೆ 6 ತಿಂಗಳು ಹೆಚ್ಚಿನ ಶುಲ್ಕದೊಂದಿಗೆ. ಕಚೇರಿಯ ಪತ್ರಗಳು ಹೋಗುವುದು ಅರ್ಜಿ ಹಾಕಿದ ಏಜೆಂಟರ ಇಮೇಲ್‌ಗೆ, ಅವರು ಬದಲಾಗಿದ್ದರೆ ದಾಖಲೆಯಲ್ಲೂ ಬದಲಾಯಿಸಿ. ಹೆಸರು ಜರ್ನಲ್‌ನಲ್ಲಿ ಬಂದ ಮೇಲೆ ಬೇರೆ ಪತ್ರಗಳೂ ಬರತೊಡಗುತ್ತವೆ. ಸರ್ಕಾರಿ ಮುದ್ರೆಯಂಥದ್ದೊಂದನ್ನು ಹಚ್ಚಿ ‘ನೋಂದಣಿ ಶುಲ್ಕ ಬಾಕಿ’ ಎನ್ನುವ ಖಾಸಗಿಯವರು ಒಂದು ಕಡೆ. ‘ಚೀನಾದ ಕಂಪನಿಯೊಂದು ನಿಮ್ಮ ಹೆಸರಿನ ಡೊಮೇನ್ ಕೇಳುತ್ತಿದೆ, ತಕ್ಷಣ ಕೊಳ್ಳಿ’ ಎನ್ನುವ ಮೇಲ್ ಇನ್ನೊಂದು ಕಡೆ. ಅರ್ಜಿ ಸಂಖ್ಯೆಯನ್ನು ಐಪಿ ಇಂಡಿಯಾದಲ್ಲಿ ನೀವೇ ಹಾಕಿ ನೋಡಿ, ಬಾಕಿ ಇದ್ದರೆ ಅಲ್ಲಿ ಕಾಣುತ್ತದೆ. ಚೀನಾದ ಮೇಲ್‌ಗೆ ಉತ್ತರವನ್ನೂ ಬರೆಯಬೇಡಿ, ಬರೆದರೆ ಈ ವಿಳಾಸದಲ್ಲಿ ಓದುವವರಿದ್ದಾರೆಂದು ಅವರಿಗೆ ಗೊತ್ತಾಗಿ ಇನ್ನೂ ನಾಲ್ಕು ಬರುತ್ತವೆ.